ಬೆದೆಯ ಲೆಕ್ಕ: ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಹೆಣ್ಣು ನಾಯಿಗಳು

ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಕುರಿ ಸಾಕಿದವರಿಗೆ ಬೆದೆಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಯಾವ ಕುರಿ ಟಗರಿಗೆ ಬಂದಿದೆ, ಯಾವುದು ಗಬ್ಬ ನಿಂತಿದೆ, ಯಾವುದು ಯಾವ ವಾರ ಈಯುತ್ತದೆ ಎಂಬುದನ್ನು ಹಿಂಡಿನ ನಡುವೆ ನಿಂತೇ ಹೇಳಬಲ್ಲ ಕುರಿಗಾಹಿಗಳು ಇಲ್ಲಿನ ಹಟ್ಟಿಗಳಲ್ಲಿದ್ದಾರೆ. ಇಲ್ಲಿನ ಮ್ಯಾಸನಾಯಕ ಸಮುದಾಯದವರು ದೇವರ ಎತ್ತುಗಳ ಹಿಂಡುಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಆದರೆ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ಮಲಗಿ ರಾತ್ರಿಯಿಡೀ ಹಿಂಡು ಕಾಯುವ ಹೆಣ್ಣು ನಾಯಿಯ ಮೈಯೊಳಗೆ ಏನು ನಡೆಯುತ್ತದೆ ಎಂಬುದು ಆ ಅನುಭವಸ್ಥರಿಗೂ ಅಷ್ಟಾಗಿ ತಿಳಿದಿಲ್ಲ. ಅದಕ್ಕೆ ಕಾರಣ ಅಸಡ್ಡೆಯಲ್ಲ. ಕುರಿ, ದನಗಳಿಗೆ ಹೊಂದುವ ಲೆಕ್ಕ ನಾಯಿಗೆ ಹೊಂದುವುದೇ ಇಲ್ಲ.

ಈ ಅರಿವಿನ ಕೊರತೆಗೆ ತೆರುವ ಬೆಲೆ ದೊಡ್ಡದು. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ 1.53 ಕೋಟಿ ಬೀದಿನಾಯಿಗಳಿದ್ದವು. ಅದರಲ್ಲಿ ಕರ್ನಾಟಕದ ಪಾಲು 11.4 ಲಕ್ಷ. ರೇಬಿಸ್‌ನಿಂದ ಜಗತ್ತಿನಲ್ಲಿ ಸಾಯುವವರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನ ಭಾರತೀಯರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ನಾಯಿ ಕಚ್ಚಿದ ಮಗು, ನಾಯಿಗಳ ಗುಂಪು ನುಗ್ಗಿ ಹರಿದುಹಾಕಿದ ಕುರಿಮರಿ, ಚರಂಡಿ ಬದಿಯಲ್ಲಿ ಸತ್ತುಬಿದ್ದ ನಾಯಿಮರಿ: ಇವೆಲ್ಲ ಒಂದೇ ಪ್ರಶ್ನೆಯ ಬೇರೆ ಬೇರೆ ಮುಖಗಳು. ಹೆಣ್ಣು ನಾಯಿ ಯಾವಾಗ, ಏಕೆ, ಹೇಗೆ ಮರಿಗೆ ಬರುತ್ತದೆ ಎಂಬುದೇ ಆ ಪ್ರಶ್ನೆ. ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ವಿಜ್ಞಾನ ಇದಕ್ಕೆ ಸ್ಪಷ್ಟವಾದ ಉತ್ತರಗಳನ್ನು ಕೊಟ್ಟಿದೆ. ಆ ಉತ್ತರಗಳನ್ನು ಈ ಎರಡು ತಾಲ್ಲೂಕುಗಳ ಮಳೆ, ಬೆಳೆ, ಹಿಂಡುಗಳ ಲೆಕ್ಕಕ್ಕೆ ಹೊಂದಿಸಿ ನೋಡುವುದು ಈ ಲೇಖನದ ಉದ್ದೇಶ.

ಕುರಿಯ ಲೆಕ್ಕ ಬೇರೆ, ನಾಯಿಯ ಲೆಕ್ಕ ಬೇರೆ

ಕುರಿ ಗಬ್ಬ ನಿಲ್ಲದಿದ್ದರೆ ಸುಮಾರು 17 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಮೇಕೆ, ಹಸು, ಎಮ್ಮೆ 21 ದಿನಕ್ಕೊಮ್ಮೆ. ಕುರಿಯ ಬೆದೆ ಒಂದು ಒಂದೂವರೆ ದಿನದ್ದು. ಒಂದು ಸಲ ತಪ್ಪಿದರೆ ಮೂರು ವಾರದೊಳಗೆ ಮತ್ತೆ ಅವಕಾಶ ಸಿಗುತ್ತದೆ. ಹೆಣ್ಣು ನಾಯಿಯದು ಹಾಗಲ್ಲ. ಅದು ಒಂದು ಕಾಲಕ್ಕೆ ಒಂದೇ ಸಲ ಬೆದೆಗೆ ಬರುತ್ತದೆ. ಗಬ್ಬವಾಗಲಿ ಬಿಡಲಿ, ಮುಂದಿನ ಬೆದೆಗೆ ಐದರಿಂದ ಹದಿಮೂರು ತಿಂಗಳು, ಸರಾಸರಿ ಏಳು ತಿಂಗಳು ಕಾಯಬೇಕು. ಇಂಗ್ಲೆಂಡಿನ ಜೀವವಿಜ್ಞಾನಿ ವಾಲ್ಟರ್ ಹೀಪ್ 1900ರಲ್ಲಿ ಸಸ್ತನಿಗಳ ಬೆದೆಯ ಕಾಲಗಳನ್ನು ವರ್ಗೀಕರಿಸಿದಾಗಲೇ ನಾಯಿಯನ್ನು ಈ ಏಕಬೆದೆಯ ಗುಂಪಿಗೆ ಸೇರಿಸಿದ್ದ.

ನಾಯಿಯ ಚಕ್ರಕ್ಕೆ ನಾಲ್ಕು ಘಟ್ಟಗಳಿವೆ. ಮೊದಲನೆಯದು ಪೂರ್ವಬೆದೆ, ಸುಮಾರು ಒಂಬತ್ತು ದಿನ. ಎರಡನೆಯದು ನಿಜವಾದ ಬೆದೆ, ಅದೂ ಸುಮಾರು ಒಂಬತ್ತು ದಿನ. ಇವೆರಡರಲ್ಲಿ ಪ್ರತಿಯೊಂದೂ ಕೆಲವು ನಾಯಿಗಳಲ್ಲಿ ಮೂರೇ ದಿನಕ್ಕೆ ಮುಗಿಯಬಹುದು, ಕೆಲವಲ್ಲಿ ಮೂರು ವಾರ ಹಿಡಿಯಬಹುದು. ಮೂರನೆಯದು ಉತ್ತರಬೆದೆ, ಎರಡರಿಂದ ಎರಡೂವರೆ ತಿಂಗಳು. ನಾಲ್ಕನೆಯದು ವಿಶ್ರಾಂತಿಯ ಕಾಲ. ಇದು ಎರಡು ತಿಂಗಳಿಂದ ಹತ್ತು ತಿಂಗಳವರೆಗೂ ಎಳೆಯಬಹುದು. ನಾಯಿಯಿಂದ ನಾಯಿಗೆ ಬೆದೆಯ ಅಂತರ ಅಷ್ಟೊಂದು ಹೆಚ್ಚುಕಡಿಮೆ ಆಗುವುದು ಬಹುಪಾಲು ಈ ನಾಲ್ಕನೆಯ ಘಟ್ಟದಿಂದ.

ಮೆದುಳಿನಿಂದ ಅಂಡಾಶಯದವರೆಗೆ

ವಿಶ್ರಾಂತಿ ಎಂದ ಮಾತ್ರಕ್ಕೆ ದೇಹ ಸುಮ್ಮನಿರುತ್ತದೆ ಎಂದಲ್ಲ. ಮೆದುಳಿನ ಬುಡದಲ್ಲಿರುವ ಹೈಪೊಥಲಮಸ್ ಎಂಬ ಭಾಗ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಟ್ಟು ಬಿಟ್ಟು ಸ್ರವಿಸುತ್ತದೆ. ಅದರ ಸೂಚನೆ ಪಡೆದ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ವಿಶ್ರಾಂತಿಯ ಕೊನೆಯ ವಾರಗಳಲ್ಲಿ ಎಲ್‌ಎಚ್‌ನ ಅಲೆಗಳು ಹತ್ತಿರ ಹತ್ತಿರವಾಗುತ್ತವೆ, ಅಂಡಾಶಯದ ಕೋಶಚೀಲಗಳು ಬೆಳೆಯತೊಡಗುತ್ತವೆ. ಈ ಎಚ್ಚರಕ್ಕೆ ಮೆದುಳಿನ ಡೋಪಮಿನ್ ಕೂಡ ಕಾರಣ. ಡೋಪಮಿನ್‌ನಂತೆ ಕೆಲಸ ಮಾಡುವ ಕ್ಯಾಬರ್ಗೊಲಿನ್, ಬ್ರೊಮೊಕ್ರಿಪ್ಟಿನ್ ಔಷಧಗಳನ್ನು ದಿನಾ ಕೊಟ್ಟರೆ ತಿಂಗಳುಗಟ್ಟಲೆ ದೂರವಿದ್ದ ಬೆದೆ ಕೆಲವೇ ವಾರಗಳಲ್ಲಿ ಬರುತ್ತದೆ.

ಬೆಳೆಯುವ ಕೋಶಚೀಲಗಳು ಎಸ್ಟ್ರೊಜೆನ್ ಸ್ರವಿಸುತ್ತವೆ. ಪೂರ್ವಬೆದೆಯಲ್ಲಿ ನಾವು ಕಾಣುವುದೆಲ್ಲ ಈ ಎಸ್ಟ್ರೊಜೆನ್ ಮಾಡಿಸುವ ಕೆಲಸ: ಯೋನಿಯ ಹೊರಭಾಗ ಊದಿಕೊಳ್ಳುತ್ತದೆ, ರಕ್ತ ಜಿನುಗುತ್ತದೆ, ಗಂಡು ನಾಯಿಗಳು ಹಿಂದೆ ಬೀಳುತ್ತವೆ, ಆದರೆ ಹೆಣ್ಣು ಅವನ್ನು ಹತ್ತಿರ ಸೇರಿಸುವುದಿಲ್ಲ. ನಾಯಿಯ ಈ ರಕ್ತ ಹೆಂಗಸರ ಮುಟ್ಟಿನ ರಕ್ತವಲ್ಲ. ಹೆಂಗಸರಲ್ಲಿ ಚಕ್ರ ಮುಗಿದು, ಪ್ರೊಜೆಸ್ಟೆರಾನ್ ಇಳಿದು, ಗರ್ಭಕೋಶದ ಒಳಪದರ ಕಳಚಿದಾಗ ರಕ್ತ ಹೋಗುತ್ತದೆ. ಆಗ ಗರ್ಭ ನಿಲ್ಲುವ ಸಂಭವ ಕಡಿಮೆ. ನಾಯಿಯಲ್ಲಿ ಚಕ್ರ ಶುರುವಾಗುವಾಗಲೇ, ಎಸ್ಟ್ರೊಜೆನ್ ಏರಿದ್ದರಿಂದ, ಗರ್ಭಕೋಶದ ಸಣ್ಣ ರಕ್ತನಾಳಗಳಿಂದ ಕೆಂಪುಕಣಗಳು ಒಸರುತ್ತವೆ. ಗರ್ಭ ನಿಲ್ಲುವ ಕಾಲ ಇನ್ನೂ ಮುಂದಿದೆ.

ಊರುಗಳಲ್ಲಿ ಆಗುವ ಮುಖ್ಯ ತಪ್ಪು ಇಲ್ಲಿಯದೇ. ರಕ್ತ ಕಂಡಾಗ ನಾಯಿಯನ್ನು ಕಟ್ಟಿಹಾಕುತ್ತಾರೆ. ವಾರ ಹತ್ತು ದಿನದಲ್ಲಿ ರಕ್ತ ತಿಳಿಯಾಗಿ ಹುಲ್ಲುಬಣ್ಣಕ್ಕೆ ತಿರುಗಿದರೆ ಎಲ್ಲ ಮುಗಿಯಿತೆಂದು ಹಗ್ಗ ಬಿಚ್ಚುತ್ತಾರೆ. ನಾಯಿ ಗಬ್ಬವಾಗುವುದು ಸರಿಯಾಗಿ ಆ ದಿನಗಳಲ್ಲೇ. ಕಟ್ಟಿಹಾಕುವುದಾದರೆ ರಕ್ತ ಕಂಡ ದಿನದಿಂದ ಪೂರ್ತಿ ನಾಲ್ಕು ವಾರ ಕಟ್ಟಬೇಕು.

ಕೂಟಕ್ಕೆ ಒಪ್ಪುವ ದಿನ

ಎಸ್ಟ್ರೊಜೆನ್ ತುತ್ತತುದಿಗೆ ಏರಿ ಇಳಿಯತೊಡಗಿದಾಗ, ಅದೇ ಹೊತ್ತಿಗೆ ಪ್ರೊಜೆಸ್ಟೆರಾನ್ ಏರಲು ಶುರುವಾದಾಗ, ಪಿಟ್ಯುಟರಿಯಿಂದ ಎಲ್‌ಎಚ್ ಒಮ್ಮೆಲೇ ಉಕ್ಕುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಕಾನ್‌ಕ್ಯಾನನ್ ಮತ್ತು ಸಂಗಡಿಗರು 1975ರಲ್ಲಿ ಈ ಮೂರು ಹಾರ್ಮೋನುಗಳ ಏರಿಳಿತವನ್ನು ಒಟ್ಟಿಗೆ ಅಳೆದು ತೋರಿಸಿದ ಮೇಲೆ ನಾಯಿಯ ಬೆದೆಯ ಲೆಕ್ಕ ಖಚಿತವಾಯಿತು. ಹಸು, ಕುರಿಗಳಲ್ಲಿ ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟೆರಾನ್ ಏರುತ್ತದೆ. ನಾಯಿಯಲ್ಲಿ ಅಂಡ ಹೊರಬೀಳುವ ಮೊದಲೇ ಏರುತ್ತದೆ: ಎಲ್‌ಎಚ್ ಉಕ್ಕುವ ದಿನ ರಕ್ತದ ಪ್ರತಿ ಮಿಲಿಲೀಟರಿಗೆ 2ರಿಂದ 3 ನ್ಯಾನೊಗ್ರಾಂ, ಎರಡು ದಿನ ಕಳೆದು ಅಂಡ ಬಿಡುಗಡೆಯಾಗುವಾಗ 5ರ ಆಸುಪಾಸು. ತಳಿ ಸಾಕುವವರು ಸರಿಯಾದ ದಿನ ತಿಳಿಯಲು ಇಂದು ರಕ್ತದಲ್ಲಿ ಅಳೆಸುವುದು ಇದನ್ನೇ.

ಎಸ್ಟ್ರೊಜೆನ್ ಇಳಿದು ಪ್ರೊಜೆಸ್ಟೆರಾನ್ ಏರುವ ಈ ಸಂಧಿಯೇ ಹೆಣ್ಣಿನ ನಡವಳಿಕೆಯನ್ನೂ ಬದಲಿಸುತ್ತದೆ. ನಿನ್ನೆಯವರೆಗೆ ಗುರುಗುಟ್ಟುತ್ತಿದ್ದ ನಾಯಿ ಈಗ ನಿಂತುಕೊಡುತ್ತದೆ. ಸೊಂಟದ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದರೆ ಬಾಲವನ್ನು ಪಕ್ಕಕ್ಕೆ ಸರಿಸಿ ಹಿಡಿಯುತ್ತದೆ.

ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಹಾರ್ಮೋನು ಅಳೆಯುವ ಯಂತ್ರವಿಲ್ಲದಿದ್ದರೂ ಸೂಕ್ಷ್ಮದರ್ಶಕವಿದ್ದರೆ ಸಾಕು. ಉಪ್ಪುನೀರಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯನ್ನು ಯೋನಿಯೊಳಗೆ ಮೆತ್ತಗೆ ತಿರುಗಿಸಿ ತೆಗೆದು, ಗಾಜಿನ ಪಟ್ಟಿಯ ಮೇಲೆ ಉರುಳಿಸಿ, ಬಣ್ಣ ಹಾಕಿ ನೋಡಬೇಕು. ವಿಶ್ರಾಂತಿಯ ಕಾಲದಲ್ಲಿ ಕಾಣುವ ಜೀವಕೋಶಗಳು ಸಣ್ಣವು, ದುಂಡನೆಯವು; ನಡುವಿನ ಕೋಶಬೀಜ ದೊಡ್ಡದು. ಎಸ್ಟ್ರೊಜೆನ್ ಏರಿದಂತೆ ಎರಡು ಮೂರು ಪದರವಿದ್ದ ಯೋನಿಯ ಒಳಚರ್ಮ ಇಪ್ಪತ್ತು ಮೂವತ್ತು ಪದರಕ್ಕೆ ದಪ್ಪಗಾಗುತ್ತದೆ, ಮೇಲಿನ ಕೋಶಗಳು ರಕ್ತದ ಪೋಷಣೆ ಸಿಗದೆ ಒಣಗುತ್ತವೆ. ಪೂರ್ಣ ಬೆದೆಯ ದಿನ ಗಾಜಿನ ಮೇಲೆ ಬೀಳುವುದು ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಬಿರುಕುಹೆಂಟೆಗಳಂತೆ ಚಪ್ಪಟೆಯಾದ, ಮೂಲೆಮೂಲೆಯಾದ, ಕೋಶಬೀಜ ಮಾಸಿಹೋದ ಕೋಶಗಳು ಮಾತ್ರ. ಅವು ನೂರಕ್ಕೆ ಎಂಬತ್ತು ತೊಂಬತ್ತರಷ್ಟಾದರೆ ನಾಯಿ ಬೆದೆಯಲ್ಲಿದೆ ಎಂದು ನಿಶ್ಚಯವಾಗಿ ಹೇಳಬಹುದು. ಖರ್ಚು ಬಹಳ ಕಡಿಮೆ, ಕಾಲು ಗಂಟೆಯ ಕೆಲಸ.

ಇನ್ನೊಂದು ವಿಶೇಷವೂ ಇದೆ. ಉಳಿದ ಸಾಕುಪ್ರಾಣಿಗಳ ಅಂಡ ಬಹುಮಟ್ಟಿಗೆ ಪಕ್ವವಾಗಿಯೇ ಹೊರಬೀಳುತ್ತದೆ. ನಾಯಿಯ ಅಂಡ ಎಳೆಯದಾಗಿಯೇ ಹೊರಬಿದ್ದು, ಅಂಡನಾಳದಲ್ಲಿ ಎರಡು ಮೂರು ದಿನ ಮಾಗುತ್ತದೆ. ಮಾಗಿದ ಮೇಲೆ ಮತ್ತೆ ಎರಡು ಮೂರು ದಿನ ಬದುಕಿರುತ್ತದೆ. ಗಂಡಿನ ವೀರ್ಯಾಣುಗಳು ಹೆಣ್ಣಿನ ದೇಹದಲ್ಲಿ ಐದರಿಂದ ಏಳು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು, ಕಾದಿರಬಲ್ಲವು. ಹಾಗಾಗಿ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರುವುದು ನಾಯಿಗಳಲ್ಲಿ ಸಾಮಾನ್ಯ. ಕೂಟದ ದಿನದಿಂದ ಎಣಿಸಿದರೆ ಗಬ್ಬದ ಅವಧಿ 57 ದಿನವೂ ಆಗಬಹುದು, 72 ದಿನವೂ ಆಗಬಹುದು. ಎಲ್‌ಎಚ್ ಉಕ್ಕಿದ ದಿನದಿಂದ ಎಣಿಸಿದರೆ ಮಾತ್ರ 65 ದಿನ, ಒಂದು ದಿನ ಆಚೀಚೆ. ಈ ಎಳೆಯ ಅಂಡದ ಕಾರಣಕ್ಕೇ ಪ್ರಯೋಗಾಲಯದಲ್ಲಿ ಪ್ರನಾಳ ಶಿಶುಗಳಂತೆ ನಾಯಿಮರಿಗಳನ್ನು ಪಡೆಯುವುದು ಬಹುಕಾಲ ಸಾಧ್ಯವಾಗಿರಲಿಲ್ಲ. ಇಟಲಿಯ ಸ್ಪಲ್ಲಂಜಾನಿ ಹದಿನೆಂಟನೆಯ ಶತಮಾನದಲ್ಲೇ ಹೆಣ್ಣು ನಾಯಿಗೆ ಕೃತಕ ಗರ್ಭಧಾರಣೆ ಮಾಡಿ ಮೂರು ಮರಿ ಹಾಕಿಸಿದ್ದ. ದೇಹದ ಹೊರಗೆ ಫಲಿಸಿದ ಅಂಡದಿಂದ ಏಳು ಮರಿಗಳು ಹುಟ್ಟಿದ ಸುದ್ದಿ ಕಾರ್ನೆಲ್‌ನಿಂದ ಬಂದದ್ದು 2015ರಲ್ಲಿ.

ಗಬ್ಬವಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ

ಅಂಡ ಹೊರಬಿದ್ದ ಜಾಗದಲ್ಲಿ ಹಳದಿಕಾಯ ಬೆಳೆದು ಪ್ರೊಜೆಸ್ಟೆರಾನ್ ಸುರಿಸುತ್ತದೆ. ಕುರಿ ಗಬ್ಬ ನಿಲ್ಲದಿದ್ದರೆ ಅದರ ಗರ್ಭಕೋಶವೇ ಪ್ರೊಸ್ಟಗ್ಲಾಂಡಿನ್ ಬಿಟ್ಟು ಹಳದಿಕಾಯವನ್ನು ಕರಗಿಸುತ್ತದೆ, ಚಕ್ರ ಮತ್ತೆ ಶುರುವಾಗುತ್ತದೆ. ಗಬ್ಬವಿಲ್ಲದ ನಾಯಿಯಲ್ಲಿ ಅಂಥ ವ್ಯವಸ್ಥೆಯೇ ಇಲ್ಲ. ಹೊಟ್ಟೆಯಲ್ಲಿ ಮರಿ ಇರಲಿ, ಇಲ್ಲದಿರಲಿ, ಹಳದಿಕಾಯ ಎರಡು ತಿಂಗಳು ಕೆಲಸ ಮಾಡಿ ತಾನಾಗಿ ನಿಧಾನಕ್ಕೆ ಸೊರಗುತ್ತದೆ. ಆದ್ದರಿಂದ ಪ್ರೊಜೆಸ್ಟೆರಾನ್ ಅಳೆದು ನಾಯಿ ಗಬ್ಬವೋ ಅಲ್ಲವೋ ಎಂದು ಹೇಳಲಾಗದು. ಗಬ್ಬವನ್ನು ತೋರಿಸುವ ಹಾರ್ಮೋನು ಒಂದೇ, ಮಾಸಿನಿಂದ ಬರುವ ರಿಲ್ಯಾಕ್ಸಿನ್. ಅದು ನಾಲ್ಕನೆಯ ವಾರದ ಸುಮಾರಿಗೆ ರಕ್ತದಲ್ಲಿ ಕಾಣುತ್ತದೆ. ಗಬ್ಬವಾದ ನಾಯಿಯಲ್ಲಿ ಮಾತ್ರ ಈಯುವ ಒಂದು ದಿನ ಮೊದಲು ಪ್ರೊಜೆಸ್ಟೆರಾನ್ ಥಟ್ಟನೆ ಕುಸಿಯುತ್ತದೆ. ಮೈಯ ಶಾಖ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಥರ್ಮಾಮೀಟರ್ ಇದ್ದರೆ ಈಯುವ ದಿನವನ್ನು ಮನೆಯಲ್ಲೇ ತಿಳಿಯಬಹುದು.

ಪ್ರೊಜೆಸ್ಟೆರಾನ್ ಇಳಿಯುವಾಗ ಪ್ರೊಲ್ಯಾಕ್ಟಿನ್ ಎಂಬ ಹಾಲಿನ ಹಾರ್ಮೋನು ಏರುತ್ತದೆ. ಇದರಿಂದ ಬೆದೆ ಕಳೆದ ಆರೆಂಟು ವಾರಕ್ಕೆ, ಗಬ್ಬವೇ ಆಗದ ನಾಯಿಯ ಮೊಲೆಗಳೂ ತುಂಬಿಕೊಳ್ಳುತ್ತವೆ, ಹಾಲು ಬರುತ್ತದೆ. ನಾಯಿ ಮೂಲೆಯಲ್ಲಿ ಗುಂಡಿ ತೋಡುತ್ತದೆ, ಚಪ್ಪಲಿಯನ್ನೋ ಬಟ್ಟೆಯ ಉಂಡೆಯನ್ನೋ ತಂದಿಟ್ಟುಕೊಂಡು ಮರಿಯಂತೆ ಕಾಯುತ್ತದೆ. ಇದು ಸುಳ್ಳು ಗಬ್ಬ. ತೋಳಗಳ ಗುಂಪಿನಲ್ಲಿ ಈಯದ ಹೆಣ್ಣುಗಳೂ ಈದ ಹೆಣ್ಣಿನ ಮರಿಗಳನ್ನು ಸಲಹಲು ಇದು ನೆರವಾಗಿರಬೇಕೆಂದು ಹಲವು ವಿಜ್ಞಾನಿಗಳು ಭಾವಿಸುತ್ತಾರೆ. ಅದು ರೋಗವಲ್ಲ, ಎರಡು ಮೂರು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಹಾಲು ಹಿಂಡಿದರೆ ಮಾತ್ರ ಇನ್ನಷ್ಟು ಬರುತ್ತದೆ, ಹಿಂಡಬಾರದು.

ರೋಗವಾಗುವುದು ಗರ್ಭಕೋಶದ ಕೀವು. ವರ್ಷ ವರ್ಷವೂ ಎರಡೆರಡು ತಿಂಗಳು ಪ್ರೊಜೆಸ್ಟೆರಾನ್‌ಗೆ ಒಡ್ಡಿಕೊಂಡ ಗರ್ಭಕೋಶದ ಒಳಪದರ ದಪ್ಪಗಾಗಿ, ಅಲ್ಲಲ್ಲಿ ನೀರುಗುಳ್ಳೆಗಳೆದ್ದು, ಸೋಂಕಿಗೆ ತೆರೆದುಕೊಳ್ಳುತ್ತದೆ. ಬೆದೆ ಕಳೆದ ಒಂದೆರಡು ತಿಂಗಳಲ್ಲಿ ನಾಯಿ ತಿನ್ನುವುದನ್ನು ಬಿಟ್ಟು, ಮೇಲಿಂದ ಮೇಲೆ ನೀರು ಕುಡಿಯುತ್ತ, ಹಿಂಭಾಗದಿಂದ ನಾರುವ ಕೀವು ಸುರಿಸಿದರೆ ಅದು ಇದೇ. ಗರ್ಭದ್ವಾರ ಮುಚ್ಚಿಕೊಂಡಿದ್ದರೆ ಕೀವು ಹೊರಗೆ ಕಾಣುವುದೇ ಇಲ್ಲ. ಹೊಟ್ಟೆ ಊದಿ ನಾಯಿ ಕೆಲವು ದಿನಗಳಲ್ಲಿ ಸಾಯುತ್ತದೆ. ಸ್ವೀಡನ್ನಿನ ಪ್ರಾಣಿವಿಮೆಯ ದಾಖಲೆಗಳ ಪ್ರಕಾರ ಶಸ್ತ್ರಚಿಕಿತ್ಸೆ ಆಗದ ಹೆಣ್ಣು ನಾಯಿಗಳಲ್ಲಿ ಹತ್ತು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ನಾಲ್ಕರಲ್ಲೊಂದಕ್ಕೆ ಇದು ಬರುತ್ತದೆ. ಇದರ ಜೊತೆಗೆ, ಕೂಟದಿಂದಲೇ ಹರಡುವ ಜನನಾಂಗದ ಗಡ್ಡೆ ನಮ್ಮ ಬೀದಿನಾಯಿಗಳಲ್ಲಿ ಸಾಮಾನ್ಯ. ಸಾವಿರಾರು ವರ್ಷಗಳ ಹಿಂದೆ ಒಂದು ನಾಯಿಯ ಮೈಯಲ್ಲಿ ಹುಟ್ಟಿದ ಕ್ಯಾನ್ಸರಿನ ಜೀವಕೋಶಗಳೇ ಕೂಟದಿಂದ ಕೂಟಕ್ಕೆ ದಾಟುತ್ತ ಇಂದಿಗೂ ಬದುಕಿವೆ ಎಂಬುದನ್ನು ವಂಶವಾಹಿ ಅಧ್ಯಯನಗಳು ತೋರಿಸಿವೆ.

ಕಾರ್ತಿಕದ ನಾಯಿಗಳು

ಮನೆಯೊಳಗೆ ಸಾಕಿದ ನಾಯಿ ವರ್ಷದ ಯಾವ ತಿಂಗಳಲ್ಲಾದರೂ ಬೆದೆಗೆ ಬರಬಹುದು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಕಾರ್ತಿಕ ಮಾಸ ನಾಯಿಗಳ ಕಾಲ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಬೀದಿನಾಯಿಗಳ ಮಟ್ಟಿಗೆ ಹಿರಿಯರ ಮಾತೇ ನಿಜಕ್ಕೆ ಹತ್ತಿರ. ಪಶ್ಚಿಮ ಬಂಗಾಳದ ಕಟ್ವಾ ಪಟ್ಟಣದಲ್ಲಿ ಎಸ್. ಕೆ. ಪಾಲ್ ವರ್ಷಗಟ್ಟಲೆ ನಡೆಸಿದ ಅಧ್ಯಯನದಲ್ಲಿ ಕೂಟದ ಕಾಲ ಮಳೆಗಾಲದ ಕೊನೆಗೂ, ಮರಿ ಹಾಕುವ ಕಾಲ ಚಳಿಗಾಲಕ್ಕೂ ಬಿದ್ದಿತ್ತು. ಜೈಪುರದಲ್ಲಿ ಸಂತಾನಹರಣಕ್ಕೆ ಹಿಡಿದು ತಂದ ಸಾವಿರಾರು ನಾಯಿಗಳ ದಾಖಲೆ ನೋಡಿದ ಚಾವ್ಲಾ ಮತ್ತು ರೀಸ್ ಅವರಿಗೂ ಮಳೆಗಾಲ ಮುಗಿದ ತಿಂಗಳುಗಳಲ್ಲೇ ಗಬ್ಬದ ನಾಯಿಗಳು ಹೆಚ್ಚು ಸಿಕ್ಕವು. ಹಗಲು ಚಿಕ್ಕದಾಗುವುದು, ಮಳೆಯ ನಂತರ ತಿನ್ನಲು ಹೆಚ್ಚು ಸಿಗುವುದು, ಒಂದು ಹೆಣ್ಣಿನ ಬೆದೆ ಇನ್ನೊಂದನ್ನು ಪ್ರಚೋದಿಸುವುದು, ಇವೆಲ್ಲ ಹೈಪೊಥಲಮಸ್ ಮೇಲೆ ಪ್ರಭಾವ ಬೀರಬಲ್ಲವು. ವರ್ಷಕ್ಕೊಮ್ಮೆ ಮಾತ್ರ ಬೆದೆಗೆ ಬರುವ ತೋಳದ ರಕ್ತ ನಾಯಿಯಲ್ಲಿ ಇನ್ನೂ ಇದೆ.

ಚಳ್ಳಕೆರೆ ಸೀಮೆಯ ಪಂಚಾಂಗಕ್ಕೆ ಇದನ್ನು ಹೊಂದಿಸಿ ನೋಡಿ. ರಾಜ್ಯದಲ್ಲಿ ಬಹಳ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಿವು. ಮುಂಗಾರಿಗೆ ಬಿತ್ತಿದ ಶೇಂಗಾ ಕಾರ್ತಿಕದ ಹೊತ್ತಿಗೆ ಕಿತ್ತು ಬಣವೆಯಾಗುತ್ತದೆ. ಆಗ ಬೆದೆಗೆ ಬಂದ ನಾಯಿ ಎರಡು ತಿಂಗಳಿಗೆ, ಪುಷ್ಯ ಮಾಘದ ಚಳಿಯಲ್ಲಿ, ಬಣವೆಯ ಬುಡದಲ್ಲೋ ಎಣ್ಣೆ ಮಿಲ್ಲಿನ ಗೋಡೆಯ ಮರೆಯಲ್ಲೋ ಈಯುತ್ತದೆ. ಮರಿ ಮೊಲೆ ಬಿಟ್ಟು ತಾನೇ ತಿನ್ನಲು ಕಲಿಯುವ ವೇಳೆಗೆ ಬಿರುಬೇಸಿಗೆ. ಅನಿಂದಿತಾ ಭದ್ರ ಅವರ ಕೋಲ್ಕತ್ತದ ಸಂಶೋಧನಾ ತಂಡ 364 ಬೀದಿಮರಿಗಳನ್ನು ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಏಳು ತಿಂಗಳು ದಾಟಿ ಬದುಕಿದವು ನೂರಕ್ಕೆ 19 ಮಾತ್ರ. ಸಾವುಗಳಲ್ಲಿ ನೂರಕ್ಕೆ 63 ಮನುಷ್ಯರಿಂದಲೇ ಆದವು: ವಾಹನಕ್ಕೆ ಸಿಕ್ಕಿದ್ದು, ಹೊಡೆದದ್ದು, ವಿಷವಿಟ್ಟದ್ದು, ಎತ್ತಿಕೊಂಡು ಹೋದದ್ದು. ಮರಿ ಹುಟ್ಟದಂತೆ ತಡೆಯುವುದನ್ನು ಕ್ರೌರ್ಯ ಎನ್ನುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು. ಐದು ಮರಿ ಹುಟ್ಟಿ ನಾಲ್ಕು ನರಳಿ ಸಾಯುವುದಕ್ಕಿಂತ ಹುಟ್ಟದಿರುವುದೇ ದಯೆ ಎಂದು ನಾನು ನಂಬುತ್ತೇನೆ.

ಕಾರ್ತಿಕದ ಇನ್ನೊಂದು ಅಪಾಯ ಊರಾಚೆಯ ಹುಲ್ಲಿನ ಕಾವಲುಗಳಲ್ಲಿದೆ. ದಖ್ಖನ್ ಬಯಲಿನ ತೋಳಗಳ ಕೂಟದ ಕಾಲವೂ ಮಳೆ ಮುಗಿದ ಆ ತಿಂಗಳುಗಳೇ. ಪುಣೆಯ ಬಳಿಯ ಹುಲ್ಲುಗಾವಲಿನಲ್ಲಿ ತೋಳ ಮತ್ತು ನಾಯಿಯ ಬೆರಕೆ ಸಂತಾನ ಹುಟ್ಟಿರುವುದು 2023ರಲ್ಲಿ ವಂಶವಾಹಿ ಪರೀಕ್ಷೆಯಿಂದ ಖಚಿತವಾಗಿದೆ. ತೋಳಗಳಿಗೆಂದೇ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಧಾಮ ಮಾಡಿಕೊಂಡಿರುವ ರಾಜ್ಯ ನಮ್ಮದು. ಕಾವಲಿನ ಅಂಚಿನ ಊರುಗಳ ನಾಯಿಗಳ ಬೆದೆಯನ್ನು ಕಡೆಗಣಿಸಿದರೆ ತೋಳಕ್ಕೂ ಉಳಿವಿಲ್ಲ, ನಾಯಿಗಳಿಗೆ ಬಲಿಯಾಗುವ ಕೃಷ್ಣಮೃಗದ ಮರಿಗೂ ಉಳಿವಿಲ್ಲ.

ತಡೆಯುವ ದಾರಿಗಳು

ಬೆದೆ ತಡೆಯಲು ಚುಚ್ಚುಮದ್ದಿದೆಯೇ ಎಂದು ಪಶುವೈದ್ಯರನ್ನು ಕೇಳುವವರು ಬಹಳ. ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಎಂಬ ಚುಚ್ಚುಮದ್ದು ಇದೆ, ಅಗ್ಗವೂ ಹೌದು. ಸರ್ಕಾರಿ ಆಸ್ಪತ್ರೆಗಳಲ್ಲಿ ‘ಅಂತರಾ’ ಹೆಸರಿನಲ್ಲಿ ಮಹಿಳೆಯರಿಗೆ ಕೊಡುವುದೂ ಇದೇ ಔಷಧ. ಮಹಿಳೆಯರಲ್ಲಿ ಅದರ ಬಳಕೆ ದಶಕಗಳಿಂದ ಪರೀಕ್ಷೆಗೆ ನಿಂತಿದೆ. ನಾಯಿಯ ದೇಹ ಮಾತ್ರ ಅದಕ್ಕೆ ಬೇರೆಯೇ ರೀತಿ ಸ್ಪಂದಿಸುತ್ತದೆ. ಪ್ರೊಜೆಸ್ಟೆರಾನ್ ಜಾತಿಯ ಔಷಧ ನಾಯಿಯ ಮೊಲೆಯ ಗ್ರಂಥಿಯಿಂದ ಬೆಳವಣಿಗೆಯ ಹಾರ್ಮೋನನ್ನು ಹೊರಡಿಸುತ್ತದೆ; ಮೊಲೆಯ ಗಡ್ಡೆ, ಸಕ್ಕರೆ ಕಾಯಿಲೆ, ಗರ್ಭಕೋಶದ ಕೀವು ಹಿಂದೆಯೇ ಬರುತ್ತವೆ. ಬೀಗಲ್ ನಾಯಿಗಳಲ್ಲಿ ಕಂಡ ಮೊಲೆಯ ಗಡ್ಡೆಗಳ ಕಾರಣದಿಂದಲೇ ಅಮೆರಿಕದಲ್ಲಿ ಈ ಗರ್ಭನಿರೋಧಕಕ್ಕೆ ಬಹುಕಾಲ ಅನುಮತಿ ಸಿಗಲಿಲ್ಲ. ನಾಯಿಯ ದೇಹದ ಲೆಕ್ಕವನ್ನು ಹೆಣ್ಣಿನ ದೇಹಕ್ಕೆ ಹಾಕಬಾರದೆಂದು ಮನವರಿಕೆಯಾಗಿ 1992ರಲ್ಲಿ ಅನುಮತಿ ಬಂತು. ಆ ಪಾಠ ಎರಡೂ ಕಡೆಗೆ ಸಲ್ಲುತ್ತದೆ. ಹೆಂಗಸರ ಔಷಧವನ್ನು, ಮಾತ್ರೆಯನ್ನು ನಾಯಿಗೆ ಹಾಕಬಾರದು.

ತಪ್ಪಿ ಕೂಟವಾದ ಮೇಲೆ ಎಸ್ಟ್ರೊಜೆನ್ ಚುಚ್ಚಿಸುವ ಹಳೆಯ ಪದ್ಧತಿಯೂ ಬಿಡಬೇಕಾದದ್ದು. ಅದು ಮೂಳೆಮಜ್ಜೆಯನ್ನು ಕೊಲ್ಲಬಲ್ಲದು, ಗರ್ಭಕೋಶಕ್ಕೆ ಕೀವು ತರಬಲ್ಲದು. ಹಸುವಿಗೆ ಬೆದೆ ತರಿಸಲು ಕೊಡುವ ಪ್ರೊಸ್ಟಗ್ಲಾಂಡಿನ್ ನಾಯಿಗೆ ಅದೇ ಕೆಲಸ ಮಾಡುವುದಿಲ್ಲ. ವಾಂತಿ, ಭೇದಿ, ಏದುಸಿರು ತರುತ್ತದೆ. ಪ್ರೊಜೆಸ್ಟೆರಾನ್ ಕೆಲಸ ಮಾಡದಂತೆ ತಡೆಯುವ ಅಗ್ಲೆಪ್ರಿಸ್ಟೋನ್ ಯುರೋಪಿನಲ್ಲಿ ಸುರಕ್ಷಿತವೆಂದು ಬಳಕೆಯಲ್ಲಿದೆ. ಡೆಸ್ಲೊರೆಲಿನ್ ಎಂಬ ಚರ್ಮದಡಿಯ ಗುಳಿಗೆ ಪಿಟ್ಯುಟರಿಯನ್ನು ದಣಿಸಿ ತಿಂಗಳುಗಟ್ಟಲೆ ಬೆದೆ ನಿಲ್ಲಿಸುತ್ತದೆ. ಆದರೆ ಬೆಳೆದ ಹೆಣ್ಣಿನಲ್ಲಿ ಮೊದಲ ವಾರಗಳಲ್ಲಿ ಒಮ್ಮೆ ಬೆದೆ ತರಿಸಿಯೇ ಆಮೇಲೆ ನಿಲ್ಲಿಸುವುದರಿಂದ ಬೀದಿನಾಯಿಗೆ ಒಗ್ಗದು. ಒಂದೇ ಚುಚ್ಚುಮದ್ದಿನಿಂದ ಜೀವನಪರ್ಯಂತ ಬಂಜೆತನ ತರುವ ವಂಶವಾಹಿ ಚಿಕಿತ್ಸೆ ಹೆಣ್ಣು ಬೆಕ್ಕುಗಳಲ್ಲಿ ಫಲ ಕೊಟ್ಟ ವರದಿ 2023ರಲ್ಲಿ ಬಂದಿದೆ. ನಾಯಿಯವರೆಗೆ ಬರಲು ಅದು ಇನ್ನೂ ದೂರ ಸಾಗಬೇಕು.

ಇಂದಿಗೆ ಗಟ್ಟಿಯಾದ ದಾರಿ ಶಸ್ತ್ರಚಿಕಿತ್ಸೆಯೊಂದೇ. ಅಂಡಾಶಯ ತೆಗೆದರೆ ಎಸ್ಟ್ರೊಜೆನ್, ಪ್ರೊಜೆಸ್ಟೆರಾನ್ ಎರಡರ ಮೂಲವೂ ಹೋಗುತ್ತದೆ. ಬೆದೆಯಿಲ್ಲ, ಸುಳ್ಳು ಗಬ್ಬವಿಲ್ಲ, ಕೀವಿನ ಭಯವಿಲ್ಲ, ಕೂಟದ ಗಡ್ಡೆಯ ಭಯವೂ ಬಹಳ ಕಡಿಮೆ. ಅಮೆರಿಕದಲ್ಲಿ 1969ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೊದಲ ಬೆದೆಗೆ ಮುಂಚೆ ಶಸ್ತ್ರಚಿಕಿತ್ಸೆಯಾದ ನಾಯಿಗಳಲ್ಲಿ ಮೊಲೆಯ ಗಡ್ಡೆ ತೀರ ವಿರಳ ಎಂದಿತ್ತು. ಆ ಲೆಕ್ಕ ಅಷ್ಟು ಗಟ್ಟಿಯೇ ಎಂಬ ಬಗ್ಗೆ ಈಚೆಗೆ ಚರ್ಚೆಯಿದೆ. ದೊಡ್ಡ ತಳಿಗಳಿಗೆ ಎಳವೆಯಲ್ಲೇ ಮಾಡಿದರೆ ಕೀಲಿನ ತೊಂದರೆ, ಕೆಲವಕ್ಕೆ ಮೂತ್ರ ಸೋರುವ ತೊಂದರೆ ಬರಬಹುದು. ಮುಧೋಳ ನಾಯಿಯನ್ನು ತಳಿಗಾಗಿ ಸಾಕುವವರು ಇದನ್ನು ವೈದ್ಯರೊಡನೆ ಯೋಚಿಸಬೇಕು. ಬೀದಿಯ, ಹಟ್ಟಿಯ ನಾಡನಾಯಿಗೆ ಲಾಭವೇ ಬಹಳ ಹೆಚ್ಚು.

ಕಾನೂನು ಇದೇ ದಾರಿಯನ್ನು ಹಿಡಿದಿದೆ. 2001ರಲ್ಲಿ ಬಂದು 2023ರ ಮಾರ್ಚ್‌ನಲ್ಲಿ ಹೊಸದಾದ ಪ್ರಾಣಿ ಜನನ ನಿಯಂತ್ರಣ ನಿಯಮಗಳು ನಾಯಿಯನ್ನು ಹಿಡಿದು, ಸಂತಾನಹರಣ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡುವ ಹೊಣೆಯನ್ನು ನಗರಸಭೆ, ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿಗಳ ಮೇಲಿಟ್ಟಿವೆ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ರೇಬಿಸ್ ತಗುಲಿದ, ಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಉಳಿದವಕ್ಕೆ ಈ ಕ್ರಮವನ್ನೇ ಎತ್ತಿಹಿಡಿಯಿತು; ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಜಾಗಗಳಿಂದ ಹಿಡಿದವನ್ನು ಅಲ್ಲಿಗೇ ಮರಳಿ ಬಿಡಬಾರದೆಂದಿತು. ಕ್ರಮ ಫಲಿಸುವುದಕ್ಕೆ ಜೈಪುರ ಸಾಕ್ಷಿ: ಅಲ್ಲಿ ಹೆಣ್ಣುಗಳಲ್ಲಿ ನೂರಕ್ಕೆ 65ರಷ್ಟಕ್ಕೆ ಶಸ್ತ್ರಚಿಕಿತ್ಸೆಯಾದಾಗ, ಎಂಟು ವರ್ಷಗಳಲ್ಲಿ ನಾಯಿಗಳ ಸಂಖ್ಯೆ ನೂರಕ್ಕೆ 28ರಷ್ಟು ಇಳಿಯಿತು. ಆಗಾಗ ಹತ್ತಿಪ್ಪತ್ತು ನಾಯಿ ಹಿಡಿದು, ಅದರಲ್ಲೂ ಸುಲಭಕ್ಕೆ ಸಿಗುವ ಗಂಡುಗಳನ್ನೇ ಹಿಡಿದು ಬಿಟ್ಟರೆ ಈ ಫಲ ಸಿಗದು. ಹತ್ತು ಗಂಡಿನಲ್ಲಿ ಒಂಬತ್ತಕ್ಕೆ ಶಸ್ತ್ರಚಿಕಿತ್ಸೆಯಾದರೂ ಉಳಿದ ಒಂದೇ ಸಾಕು.

ಈ ಸೀಮೆಗೆ ಒಂದು ಪಂಚಾಂಗ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನ ಜೀವಿಗಳ ಮೇಲಿನ ದಯೆ ಗಟ್ಟಿಯಾಗಿರಬೇಕೆಂದು ಹೇಳುತ್ತದೆ. ದಯೆ ಗಟ್ಟಿಯಾಗಲು ತಿಂಗಳಿನ ಲೆಕ್ಕವೂ ಬೇಕು. ಬೆದೆಯಲ್ಲಿರುವ ನಾಯಿಯ ಗರ್ಭಕೋಶದಲ್ಲಿ ರಕ್ತ ತುಂಬಿರುತ್ತದೆ, ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ಉತ್ತರಬೆದೆಯಲ್ಲಿ ಮಾಡಿದರೆ ಪ್ರೊಜೆಸ್ಟೆರಾನ್ ಒಮ್ಮೆಲೇ ಕಡಿದುಹೋಗಿ ಪ್ರೊಲ್ಯಾಕ್ಟಿನ್ ಏರಿ ಸುಳ್ಳು ಗಬ್ಬ ಹಟ ಹಿಡಿಯುತ್ತದೆ. 2001ರ ನಿಯಮಗಳು ಗಬ್ಬದ ನಾಯಿಯನ್ನು ಮರಿ ಹಾಕುವವರೆಗೆ ಬಿಟ್ಟುಬಿಡಬೇಕೆಂದೇ ಹೇಳಿದ್ದವು. ಅಂದರೆ ಕಾರ್ತಿಕ, ಮಾರ್ಗಶಿರದಲ್ಲಿ ನಡೆಸುವ ಶಿಬಿರ ಹಣವನ್ನೂ ಶ್ರಮವನ್ನೂ ನುಂಗುತ್ತದೆ, ಫಲ ಕೊಡುವುದಿಲ್ಲ. ಬಹುಪಾಲು ಹೆಣ್ಣುಗಳು ವಿಶ್ರಾಂತಿಯಲ್ಲಿರುವ ಕಾಲ ವೈಶಾಖದಿಂದ ಶ್ರಾವಣದವರೆಗೆ. ಚಳ್ಳಕೆರೆ ನಗರಸಭೆ, ಮೊಳಕಾಲ್ಮುರು ಪಟ್ಟಣ ಪಂಚಾಯಿತಿಗಳು ಪಟ್ಟಣದ ಹೆಣ್ಣು ನಾಯಿಗಳನ್ನು ಮೇ ತಿಂಗಳಿನಿಂದಲೇ ಹಿಡಿಯಲು ಶುರುಮಾಡಬೇಕು. ಟೆಂಡರು ಕರೆದು, ಹಣ ಬಿಡುಗಡೆಯಾಗಿ, ಕೆಲಸ ಚಳಿಗಾಲಕ್ಕೆ ಮುಟ್ಟುವಂತಿದ್ದರೆ ಒಂದು ವರ್ಷ ಪೂರ್ತಿ ತಪ್ಪಿದಂತೆಯೇ.

ಹಿಂಡಿನ ನಾಯಿಗಳಿಗೆ ಬೇರೆ ಲೆಕ್ಕ ಬೇಕು. ಬೇಸಿಗೆಯಲ್ಲಿ ಹಿಂಡು ಹೊಡೆದುಕೊಂಡು ನೀರಾವರಿ ಸೀಮೆಗೆ ಹೋದ ಕುರಿಗಾಹಿಗಳ ಜೊತೆ ನಾಯಿಗಳೂ ಹೋಗಿರುತ್ತವೆ. ಅವು ಊರಲ್ಲಿ ಸಿಗುವುದು ಮಳೆ ಬಿದ್ದು ಹಿಂಡು ಮರಳಿದ ಮೇಲೆ. ಕುರಿಗಳಿಗೆ ಜಂತಿನ ಔಷಧ, ಲಸಿಕೆ ಹಾಕಲು ಪಶು ಇಲಾಖೆಯವರು ಹಟ್ಟಿಗೆ ಬರುವ ದಿನವೇ ನಾಯಿಗಳಿಗೂ ರೇಬಿಸ್ ಲಸಿಕೆ ಹಾಕಿ, ಶಸ್ತ್ರಚಿಕಿತ್ಸೆಗೆ ಹೆಣ್ಣುಗಳನ್ನು ಗುರುತಿಸಬಹುದು. ಕಾವಲು ನಾಯಿಯ ಕೆಚ್ಚು ಕುಗ್ಗುತ್ತದೆಯೇ ಎಂಬ ಕುರಿಗಾಹಿಯ ಅಂಜಿಕೆಗೆ ನೇರ ಉತ್ತರ ಕೊಡಬೇಕು: ಹಿಂಡು ಕಾಯುವ ಗುಣ ಅಂಡಾಶಯದ್ದಲ್ಲ. ಬೆದೆಗೆ ಬಂದು ವಾರಗಟ್ಟಲೆ ಊರ ಗಂಡುನಾಯಿಗಳನ್ನೆಲ್ಲ ರೊಪ್ಪದ ಸುತ್ತ ಸೇರಿಸುವ ಹೆಣ್ಣಿಗಿಂತ ಶಸ್ತ್ರಚಿಕಿತ್ಸೆಯಾದ ಹೆಣ್ಣೇ ಹಿಂಡಿಗೆ ಕ್ಷೇಮ.

ಉಳಿದ ಕೆಲಸ ಮನೆ ಮನೆಯದು. ಸೂಲಿನಲ್ಲಿ ಗಂಡು ಮರಿಯನ್ನು ಆರಿಸಿಕೊಂಡು ಹೆಣ್ಣು ಮರಿಗಳನ್ನು ಸಂತೆ ಮೈದಾನದಲ್ಲೋ ಊರಾಚೆಯ ಹಳ್ಳದಲ್ಲೋ ಬಿಟ್ಟುಬರುವ ರೂಢಿ ನಿಲ್ಲಬೇಕು. ಹಾಗೆ ಬಿಟ್ಟ ಮರಿಗಳಲ್ಲಿ ಬದುಕಿ ಉಳಿದದ್ದು ಮುಂದಿನ ವರ್ಷದೊಳಗೇ ಬೆದೆಗೆ ಬರುತ್ತದೆ. ಹೆಣ್ಣು ಮರಿಯನ್ನು ಸಾಕಿಕೊಂಡವರು ಆರು ತಿಂಗಳು ತುಂಬಿದ ಮೇಲೆ, ಮೊದಲ ಬೆದೆಗೆ ಮುಂಚೆ, ಪಶು ಆಸ್ಪತ್ರೆಗೆ ಕರೆತರಲಿ. ಆಸ್ಪತ್ರೆಯಲ್ಲಿ ಆ ದಿನ ಶಸ್ತ್ರಚಿಕಿತ್ಸೆಗೆ ವೈದ್ಯರು, ಅರಿವಳಿಕೆ, ಹೊಲಿಗೆಯ ದಾರ ಇರುವಂತೆ ಸರ್ಕಾರ ನೋಡಿಕೊಳ್ಳಲಿ. ಹೆಬ್ಬಾಳ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಕಲಿಯುವ ಯುವ ವೈದ್ಯರಿಗೆ ಮುಂಗಾರಿನ ತಿಂಗಳುಗಳಲ್ಲಿ ಈ ಎರಡು ತಾಲ್ಲೂಕುಗಳಲ್ಲೇ ತರಬೇತಿ ಶಿಬಿರ ನಡೆಸಿದರೆ ಅವರಿಗೆ ಕೈ ಪಳಗುತ್ತದೆ, ಊರಿಗೆ ಉಪಕಾರವಾಗುತ್ತದೆ. ಹತ್ತರಲ್ಲಿ ಏಳು ಹೆಣ್ಣುಗಳನ್ನು ಕಾರ್ತಿಕಕ್ಕೆ ಮುಂಚೆ ಮುಟ್ಟುವುದು ಗುರಿಯಾಗಲಿ, ಮೂರು ನಾಲ್ಕು ವರ್ಷ ಬಿಡದೆ ಅದೇ ತಿಂಗಳುಗಳಲ್ಲಿ ನಡೆಯಲಿ. ಕುರಿಯ ಬೆದೆಯನ್ನು ಕಣ್ಣಲ್ಲೇ ಓದಬಲ್ಲ ಈ ಸೀಮೆಯ ಜನಕ್ಕೆ ನಾಯಿಯ ಬೆದೆಯ ಲೆಕ್ಕ ಕಲಿಯುವುದು ಕಷ್ಟವೇನಲ್ಲ. ಪಂಚಾಯಿತಿಗಳು ಮುಂದಿನ ಆಯವ್ಯಯ ಬರೆಯುವಾಗಲೇ ಆ ಲೆಕ್ಕವನ್ನು ಒಳಗೆ ಸೇರಿಸಬೇಕು.